ಒಂದೇ ಪಾಸ್‌ವರ್ಡಿನ ಸಂಸಾರ

ಪೈಪ್ ಮೇಷ್ಟ್ರ ಹಸ್ತಪ್ರತಿ ಪ್ರಕಾಶಕರಿಂದ ವಾಪಸು ಬಂದದ್ದು ಗ್ರಂಥಸೂಚಿಯ ದೆಸೆಯಿಂದ. ಪಟ್ಟಣಗಳಿಗೆ ಕೊಳಾಯಿ ನೀರು ಬಂದ ಚರಿತ್ರೆಯನ್ನು ಬಹಳ ವರ್ಷಗಳಿಂದ ಪಾಠ ಮಾಡುತ್ತಿದ್ದ ಆ ಪ್ರಾಧ್ಯಾಪಕರಿಗೆ ವಿದ್ಯಾರ್ಥಿಗಳು ಇಟ್ಟ ಹೆಸರು ಅದು. ಬೆನ್ನ ಹಿಂದೆ ಕರೆಯುತ್ತಿದ್ದರು, ಅವರಿಗೂ ಗೊತ್ತಿತ್ತು, ಒಳಗೊಳಗೇ ಖುಷಿಯೂ ಇತ್ತು. ವಿಷಯವೇನೋ ಚೆನ್ನಾಗಿದೆ, ಉಲ್ಲೇಖಗಳು ಮಾತ್ರ ಒಂದೊಂದು ಒಂದೊಂದು ದಿಕ್ಕಿಗೆ ಮುಖ ಮಾಡಿವೆ ಎಂದು ಪ್ರಕಾಶಕರ ಸಂಪಾದಕಿ ಬರೆದಿದ್ದಳು. ಒಬ್ಬ ಲೇಖಕ ಒಂದೇ ಪುಸ್ತಕವನ್ನು ಮೊದಲ ಅಧ್ಯಾಯದಲ್ಲಿ ಒಂದು ವರ್ಷ, ಮೂರನೆಯದರಲ್ಲಿ ಇನ್ನೊಂದು ವರ್ಷ ಬರೆದಿದ್ದ. ಅಡಿಟಿಪ್ಪಣಿಯಲ್ಲಿ ಇದ್ದವರು ಕೊನೆಯ ಪಟ್ಟಿಯಲ್ಲಿ ಇರಲಿಲ್ಲ. ಪಟ್ಟಿಯಲ್ಲಿ ಠೀವಿಯಿಂದ ಕೂತಿದ್ದ ಕೆಲವರನ್ನು ಪುಸ್ತಕದೊಳಗೆ ಕೇಳುವವರೇ ಇರಲಿಲ್ಲ.

"ಇದೆಲ್ಲ ಗುಮಾಸ್ತೆ ಕೆಲಸ ಕಣೆ," ಎನ್ನುತ್ತ ಮೇಷ್ಟ್ರು ಊಟದ ಮೇಜಿನ ಮೇಲೆ ಲ್ಯಾಪ್‌ಟಾಪನ್ನು ಹೆಂಡತಿಯ ಕಡೆ ತಿರುಗಿಸಿದರು. "ಇದಕ್ಕೇ ಅಂತ ಈಗ ಸಾಫ್ಟ್‌ವೇರ್‌ಗಳು ಬಂದಿವೆಯಲ್ಲ, ನೀನೇ ನೋಡಿ ಒಂದು ಆರಿಸು. ನಿನಗೆ ಇಂಥದ್ದೆಲ್ಲ ಚೆನ್ನಾಗಿ ಬರುತ್ತೆ."

ಹೊಗಳಿಕೆಯಲ್ಲಿ ಸುತ್ತಿ ಕೆಲಸ ದಾಟಿಸುವುದು ಮೇಷ್ಟ್ರಿಗೆ ಕರಗತ ವಿದ್ಯೆ. ಅವರ ಮೊದಲ ಎರಡು ಪುಸ್ತಕಗಳ ಗ್ರಂಥಸೂಚಿಯನ್ನು ಅವಳೇ ಕೂತು ಕೈಯಾರೆ ಟೈಪು ಮಾಡಿದ್ದಳು, ಅಲ್ಪವಿರಾಮ ಹುಡುಕಿ ಹುಡುಕಿ ಕಣ್ಣು ಬಿದ್ದುಹೋಗಿತ್ತು. ಅದಕ್ಕೆ ಪ್ರತಿಯಾಗಿ ಎರಡೂ ಪುಸ್ತಕಗಳ ಮುನ್ನುಡಿಯಲ್ಲಿ ಅವಳ ತಾಳ್ಮೆಗೆ ಕೃತಜ್ಞತೆ ಸಂದಿತ್ತು. ತಾಳ್ಮೆಗೆ! ಊರಿಗೆಲ್ಲ ಕಾಣುವಂತೆ ಮಾಡಿದ ಕೆಲಸಕ್ಕೂ ತಾಳ್ಮೆ ಎಂದೇ ಹೆಸರಿಡುತ್ತಾರೆ, ಮಾಡಿದವಳು ಹೆಂಡತಿಯಾದರೆ.

ಅವಳೂ ಓದುವವಳೇ. ಊರಿನ ಇನ್ನೊಂದು ಕಾಲೇಜಿನಲ್ಲಿ ತಾತ್ಕಾಲಿಕ ಉಪನ್ಯಾಸಕಿ, ಜೊತೆಗೆ ವರ್ಷಗಳಿಂದ ಎಳೆದುಕೊಂಡು ಬಂದ ಒಂದು ಪಿಎಚ್.ಡಿ. ಮೇಷ್ಟ್ರು ಓದಿದ ಪುಸ್ತಕಗಳನ್ನೇ ಓದುತ್ತಿದ್ದಳು. ಅವೇ ಪುರಸಭೆಯ ವರದಿಗಳು, ಅವೇ ಎಂಜಿನಿಯರುಗಳ ಆತ್ಮಕಥೆಗಳು. ಅವರು ಕೊಳವೆಯ ಹಿಂದೆ ಹೊರಟು ಜಲಾಶಯದ ತನಕ ಹೋದರೆ ಇವಳು ಬೀದಿ ನಲ್ಲಿಯ ಮುಂದೆ ನಿಂತುಬಿಟ್ಟಿದ್ದಳು. ಪಾತ್ರೆ ಹಿಡಿದು ಸಾಲಿನಲ್ಲಿ ನಿಂತ ಹೆಂಗಸರು ಎಷ್ಟು ಹೊತ್ತು ಕಾದರು, ಕಾಯುವಾಗ ಏನು ಮಾತಾಡಿಕೊಂಡರು, ಯಾರು ಯಾರ ಸರದಿ ಹಿಡಿದಿಟ್ಟರು ಎನ್ನುವುದು ಅವಳ ವಿಷಯ. ಎಂಜಿನಿಯರು ತನ್ನ ಪಂಪನ್ನು ವರ್ಣಿಸುವಾಗ "ಗಲಾಟೆಯಿಂದ ಕೆಲಸಕ್ಕೆ ತೊಂದರೆಯಾಯಿತು" ಎಂದು ಒಂದು ಸಾಲು ಬರೆದಿದ್ದರೆ ಮೇಷ್ಟ್ರು ಪಂಪಿಗೆ ಗೆರೆ ಎಳೆಯುತ್ತಿದ್ದರು, ಇವಳು ಗಲಾಟೆಗೆ.

ಅವಳ ಬರವಣಿಗೆಯ ರೀತಿಯೂ ಅವಳದೇ. ಓದಿದ ಪ್ರತಿ ಪುಸ್ತಕದ ಕೆಳಗೆ, ತಾನು ಆಗಲೇ ಬಳಸುತ್ತಿದ್ದ ಒಂದು ಸಾಫ್ಟ್‌ವೇರಿನಲ್ಲಿ ಟಿಪ್ಪಣಿಗೆಂದು ಬಿಟ್ಟ ಜಾಗದಲ್ಲಿ, ಆಗಲೇ ಹೊಳೆದದ್ದನ್ನು ಪೂರ್ತಿ ವಾಕ್ಯಗಳಲ್ಲಿ ಬರೆದಿಡುತ್ತಿದ್ದಳು. ತಿದ್ದಿ ತೀಡಿ, ಹಾಗೇ ಪ್ರಬಂಧಕ್ಕೆ ಇಳಿಸುವಂತೆ. ಕೊನೆಗೆ ಎಲ್ಲವನ್ನೂ ಹೊಲಿದರೆ ಅಧ್ಯಾಯ. ಕಾಲೇಜು, ಮನೆ, ಅತ್ತೆಯ ಮಂಡಿ ನೋವು ಇವುಗಳ ನಡುವೆ ತುಂಡು ತುಂಡು ಹೊತ್ತು ಸಿಗುವವಳಿಗೆ ಬೇರೆ ದಾರಿಯೂ ಇರಲಿಲ್ಲ.

ಸಾಫ್ಟ್‌ವೇರ್ ಆರಿಸುವ ಕೆಲಸವನ್ನು ಅವಳು ಮನಸ್ಸಿಟ್ಟು ಮಾಡಿದಳು. ಇಂಥ ಕೆಲಸ ಅವಳಿಗೆ ನಿಜಕ್ಕೂ ಇಷ್ಟ, ಅದೇ ಅವಳ ಗ್ರಹಚಾರ. ಮೂರನ್ನು ಮುಂದಿಟ್ಟುಕೊಂಡು ಮೂರಕ್ಕೂ ಅವೇ ಪುಸ್ತಕಗಳನ್ನು ತುಂಬಿ ಪರೀಕ್ಷೆ ಇಟ್ಟಳು. ವಿಶ್ವವಿದ್ಯಾಲಯ ಎಲ್ಲರಿಗೂ ಕೊಡಿಸಿದ್ದು ಆನೆಯಂಥ ಸಾಫ್ಟ್‌ವೇರ್, ತೆರೆದುಕೊಳ್ಳುವಷ್ಟರಲ್ಲಿ ಒಂದು ಲೋಟ ಟೀ ಕುಡಿದು ಮುಗಿಸಬಹುದಿತ್ತು. ಜೊತೆಗೆ, ಕೆಲಸ ಬಿಟ್ಟ ದಿನ ಪುಸ್ತಕಗಳೂ ಕೈಬಿಡುತ್ತವೆ ಎಂಬ ಷರತ್ತು. ಎರಡನೆಯದು ನೋಡಲು ಲಕ್ಷಣವಾಗಿತ್ತು, ಎಷ್ಟು ಬೇಕಾದರೂ ಜಾಗ ಕೊಡುತ್ತಿತ್ತು, ಆದರೆ ಲೇಖಕರ ಹೆಸರುಗಳನ್ನು ತನಗೆ ತೋಚಿದಂತೆ ಹಿಂದುಮುಂದು ಮಾಡಿ ಅಪ್ಪನನ್ನು ಮಗನ ಪುಸ್ತಕಕ್ಕೆ ಲೇಖಕನನ್ನಾಗಿಸುತ್ತಿತ್ತು. ಮೂರನೆಯದು ಅವಳು ಆವರೆಗೆ ಬಳಸುತ್ತಿದ್ದ ಪುಕ್ಕಟೆಯದು. ಜಾಗ ಕಡಿಮೆ, ರೂಪವೂ ಅಷ್ಟಕ್ಕಷ್ಟೆ. ಆದರೆ ಹೇಳಿದ ಮಾತು ಕೇಳುತ್ತಿತ್ತು, ಯಾರ ಟಿಪ್ಪಣಿ ಯಾರದು ಎಂದು ಬೇರೆಬೇರೆಯಾಗಿ ಇಡುತ್ತಿತ್ತು.

"ಈ ಪುಕ್ಕಟೆಯದೇ ಸಾಕು ರೀ," ಎಂದು ಒಂದು ಭಾನುವಾರ ಎಲ್ಲವನ್ನೂ ತೋರಿಸಿ ಹೇಳಿದಳು. "ನಿಮಗೊಂದು ಖಾತೆ, ನನಗೊಂದು. ಇಬ್ಬರಿಗೂ ಬೇಕಾದ ಪುಸ್ತಕಕ್ಕೆ ಒಂದು ಸಾಮಾನ್ಯ ಕಪಾಟು ಮಾಡ್ಕೊಳ್ಳೋಣ."

ಮೇಷ್ಟ್ರು ತಲೆಯಾಡಿಸುತ್ತ ಪೂರ್ತಿ ಕೇಳಿಸಿಕೊಂಡರು. ಆಮೇಲೆ ಅಂದರು, "ಡೀನ್ ಆ ಎರಡನೆಯದನ್ನೇ ಬಳಸೋದು. ನಾನು ನಿನ್ನೆನೇ ಖಾತೆ ತೆರೆದೆ."

"ಮತ್ತೆ ನನಗೆ ಆರಿಸು ಅಂದಿದ್ದು ಯಾಕೆ?"

"ನಿನ್ನ ಅಭಿಪ್ರಾಯ ಬೇಡವಾ?" ಅವರಿಗೆ ನಿಜಕ್ಕೂ ಆಶ್ಚರ್ಯವಾಗಿತ್ತು. "ನೀನೂ ಇದಕ್ಕೇ ಬಂದುಬಿಡು. ನನ್ನ ಖಾತೆಯಲ್ಲೇ ನಿನಗೊಂದು ಫೋಲ್ಡರ್ ಮಾಡ್ಕೋ. ಅದೇ ಮನೆ, ಅವೇ ಪುಸ್ತಕ, ಎರಡು ಖಾತೆ ಯಾಕೆ? ನಿನ್ನಿಂದ ಪಾಸ್‌ವರ್ಡ್ ಮುಚ್ಚಿಡ್ತೀನಾ ನಾನು?"

ಬೇಡ ಎಂದರೆ ಮುಚ್ಚಿಡುವವಳು ತಾನೇ ಎಂದಾಗುತ್ತದೆ. ಗಂಡ ಪ್ರೀತಿಯಿಂದ ಪಾಸ್‌ವರ್ಡ್ ಕೊಡುವಾಗ ಗೋಡೆ ಕಟ್ಟುವ ಹೆಂಗಸು ಯಾರು? ಅವಳ ಪುಕ್ಕಟೆ ಖಾತೆಯಲ್ಲಿ ಜಾಗವೂ ಮುಗಿಯುತ್ತ ಬಂದಿತ್ತು, ಹಳೆಯ ವರದಿಗಳ ಸ್ಕ್ಯಾನುಗಳು ಅದರಲ್ಲಿ ಹಿಡಿಯುತ್ತಿರಲಿಲ್ಲ. ಹೂಂ ಎಂದಳು. ತನ್ನದೆಲ್ಲವನ್ನೂ ಅಲ್ಲಿಗೆ ಸಾಗಿಸಿದಳು. ಎರಡು ಕಡೆ ಇದ್ದರೆ ಗೊಂದಲ ಎಂದು ಹಳೆಯ ಖಾತೆಯನ್ನು ಮುಚ್ಚಿದಳು.

ಅತ್ತೆ ಬಾಗಿಲಿನ ಬಳಿಯ ಕುರ್ಚಿಯಲ್ಲಿ ಕಾಲು ಚಾಚಿಕೊಂಡು ಕೂತಿದ್ದರು. ಆಸ್ಪತ್ರೆಯಲ್ಲಿ ಹೆಡ್ ನರ್ಸ್ ಆಗಿ ನಿವೃತ್ತಿಯಾದವರು, ಬಾಯಿ ಸ್ವಲ್ಪ ಹರಿತ. "ಒಂದೇ ಬೀರುವಿನಲ್ಲಿ ಇಬ್ಬರ ಬಟ್ಟೆ ಇಟ್ಟರೆ, ಅವನ ಷರಟು ಹುಡುಕೋದೂ ನಿನ್ನ ಕೆಲಸಾನೇ ಆಗುತ್ತೆ, ನೋಡ್ಕೊ," ಎಂದರು. ಸೊಸೆ ನಕ್ಕಳು.

ಮುದುಕಿ ಹೇಳಿದ್ದು ತಿಂಗಳೊಳಗೇ ನಿಜವಾಯಿತು. "ನೋಡು, ಎಲ್ಲಾ ಪುಸ್ತಕ ಎರಡೆರಡು ಕಾಣ್ತಿದೆ, ಗ್ರಂಥಸೂಚಿಯಲ್ಲೂ ಎರಡೆರಡು ಸಲ ಬರ್ತಿದೆ, ಸ್ವಲ್ಪ ಸರಿಮಾಡಿಕೊಡು," ಎಂದರು ಮೇಷ್ಟ್ರು. ಎರಡು ನಮೂದುಗಳನ್ನು ಬೆಸೆದು ಒಂದು ಮಾಡುವ ಗುಂಡಿ ಆ ಸಾಫ್ಟ್‌ವೇರಿನಲ್ಲಿ ಇತ್ತು. ಯಾವುದನ್ನು ಮುಖ್ಯವೆಂದು ಇಟ್ಟುಕೊಳ್ಳಲಿ ಎಂದು ಅದು ಕೇಳುತ್ತಿತ್ತು, ವಿವರ ಪೂರ್ತಿ ಇರುವುದನ್ನು ತಾನೇ ಸೂಚಿಸುತ್ತಿತ್ತು. ಪ್ರತಿ ಸಲವೂ ಮೇಷ್ಟ್ರ ನಮೂದನ್ನೇ ಸೂಚಿಸಿತು. ಸೂಚಿಸದೆ ಏನು ಮಾಡೀತು? ಅವರ ಪುಸ್ತಕಗಳಿಗೆ ಪ್ರಕಾಶಕ, ಊರು, ಆವೃತ್ತಿ, ಪುಟ ಎಲ್ಲವನ್ನೂ ಇವಳೇ ಕೂತು ಚುಕ್ಕೆ ತಪ್ಪದಂತೆ ತುಂಬಿದ್ದಳು. ತನ್ನವಕ್ಕೆ ಆಮೇಲೆ ತುಂಬಿದರಾಯಿತು ಎಂದು ಬಿಟ್ಟಿದ್ದಳು. ಟಿಪ್ಪಣಿಗಳು ಹೋಗುತ್ತವೆಯೋ ಎಂದು ಒಂದನ್ನು ಬೆಸೆದು ನೋಡಿದಳು. ಹೋಗಲಿಲ್ಲ. ಅವಳ ವಾಕ್ಯಗಳು ಮೇಷ್ಟ್ರ ಟಿಪ್ಪಣಿಯ ಕೆಳಗೆ, ಅದೇ ಅಕ್ಷರದಲ್ಲಿ, ನಡುವೆ ಒಂದು ಗೆರೆಯೂ ಇಲ್ಲದೆ ಹೋಗಿ ಕೂತವು. ಒಂದೂ ಕಳೆದುಹೋಗಲಿಲ್ಲವಲ್ಲ ಎಂದು ಅವಳಿಗೆ ಸಮಾಧಾನವಾಯಿತು. ತನ್ನ ಮಾತು ತನಗೆ ಗುರುತು ಸಿಗುವುದಿಲ್ಲವೇ? ಮಧ್ಯಾಹ್ನವೆಲ್ಲ ಕೂತು ಗುಂಡಿ ಒತ್ತಿದಳು.

ಆ ಸಲ ಮೇಷ್ಟ್ರು ಪುಸ್ತಕವನ್ನು ಬೇಗ ತಿದ್ದಿ ಮುಗಿಸಿದರು. ನಡುವೆ ಒಂದು ಹೊಸ ಅಧ್ಯಾಯವೂ ಹುಟ್ಟಿತಂತೆ. ಗ್ರಂಥಸೂಚಿ ತಾನಾಗಿಯೇ ಮೂಡುತ್ತಿದ್ದುದರಿಂದ ಹೆಂಡತಿಗೆ ಹಸ್ತಪ್ರತಿ ಕೊಡುವ ಪ್ರಮೇಯವೇ ಬರಲಿಲ್ಲ. ಅವಳಿಗೂ ಅದು ಬೇಕಾಗಿಯೇ ಇತ್ತು. ಮದುವೆಯಾದ ಮೇಲೆ ಮೊದಲ ಬಾರಿಗೆ ಗಂಡನ ಪುಸ್ತಕವೊಂದು ತನ್ನ ಬೆನ್ನು ಮುರಿಯದೆ ಅಚ್ಚಿಗೆ ಹೋಯಿತೆಂದು ಹಗುರಾಗಿದ್ದಳು. ಆ ಹೊತ್ತಿನಲ್ಲಿ ತನ್ನ ಕೊನೆಯ ಅಧ್ಯಾಯವನ್ನು ಹೊಲಿಯತೊಡಗಿದಳು. ವಿಶ್ವವಿದ್ಯಾಲಯ ಕೊಟ್ಟ ಕಡೆಯ ಗಡುವು ಹತ್ತಿರವಾಗಿತ್ತು, ಇನ್ನು ತಪ್ಪಿದರೆ ಇಷ್ಟೂ ವರ್ಷದ್ದು ನೀರಿನಲ್ಲಿ ಹೋಮ.

ಪುಸ್ತಕ ಬಂತು. ಒಂದು ಪತ್ರಿಕೆ ವಿಮರ್ಶೆಯನ್ನೂ ಬರೆಯಿತು. ಮೇಷ್ಟ್ರು ಅದನ್ನು ಅಡುಗೆಮನೆಯ ಬಾಗಿಲಲ್ಲಿ ನಿಂತು ಓದಿದರು: ಈ ಲೇಖಕರು ಇದುವರೆಗೆ ಕಬ್ಬಿಣ, ಕಲ್ಲು ಬರೆದವರು. ಐದನೆಯ ಅಧ್ಯಾಯದಲ್ಲಿ ಮೊದಲ ಬಾರಿ ಮನುಷ್ಯರನ್ನು ಕಂಡಿದ್ದಾರೆ. ನಲ್ಲಿಯ ಮುಂದಿನ ಸಾಲಿನ ಬಗ್ಗೆ ಇಷ್ಟು ಅಂತಃಕರಣದಿಂದ ಯಾರೂ ಬರೆದಿಲ್ಲ.

ಪಾತ್ರೆ ಉಜ್ಜುತ್ತಿದ್ದವಳು ಉಜ್ಜುವುದನ್ನು ಅಲ್ಲಿಗೇ ಬಿಟ್ಟಳು. ಒದ್ದೆ ಕೈಯಲ್ಲೇ ಹೋಗಿ ಪುಸ್ತಕ ತೆರೆದಳು. ಐದನೆಯ ಅಧ್ಯಾಯದ ಮೊದಲ ವಾಕ್ಯ: "ನೀರು ಬೀದಿಗೆ ಯಾವ ದಿನ ಬಂತೆಂದು ವರದಿಗಳು ಹೇಳುತ್ತವೆ. ಬೀದಿಯಿಂದ ಮನೆಗೆ ಯಾರ ಸೊಂಟದ ಮೇಲೆ ಬಂತೆಂದು ಹೇಳುವುದಿಲ್ಲ." ಆ ಮಾತು ಹೊಳೆದದ್ದು ಅತ್ತೆಯನ್ನು ತೋರಿಸಲು ಹೋಗಿದ್ದಾಗ, ಡಾಕ್ಟರ ಕೋಣೆಯ ಹೊರಗಿನ ಬೆಂಚಿನ ಮೇಲೆ. ಫೋನಿನಲ್ಲೇ ಬರೆದು ಒಬ್ಬ ಎಂಜಿನಿಯರನ ಆತ್ಮಕಥೆಯ ಕೆಳಗೆ ಹಾಕಿದ್ದಳು. ಪುಟ ಮಗುಚಿದಳು. ಸರದಿ ಹಿಡಿದಿಡುವ ಗೆಳತಿಯರು ಇದ್ದರು. ಗಲಾಟೆ ಎಂದರೆ ಗಲಾಟೆಯಲ್ಲ, ಲೆಕ್ಕ ಕೇಳುವುದು ಎಂಬ ಮಾತು ಇತ್ತು. ಒಂದು ಕ್ರಿಯಾಪದವನ್ನೂ ಕದಲಿಸಿರಲಿಲ್ಲ.

"ಇದು ನಾನು ಬರೆದಿದ್ದು," ಎಂದಳು.

"ಯಾವುದು?"

"ಈ ಅಧ್ಯಾಯ. ಇಡೀ ಅಧ್ಯಾಯ ರೀ!"

ಮೇಷ್ಟ್ರು ಕನ್ನಡಕ ಏರಿಸಿ ನೋಡಿದರು. "ನನ್ನ ಟಿಪ್ಪಣಿಯಿಂದ ತಗೊಂಡಿದ್ದಲ್ವಾ? ನನ್ನ ಪುಸ್ತಕಗಳ ಕೆಳಗೇ ಇತ್ತು. ಯಾವಾಗಲೋ ಬರ್ದಿಟ್ಟು ಮರೆತಿದ್ದೀನಿ ಅಂದ್ಕೊಂಡೆ. ಓದಿದಾಗ ನನಗೇ ಆಶ್ಚರ್ಯ ಆಯ್ತು, ಎಷ್ಟು ಚೆನ್ನಾಗಿ ಬರ್ದಿದ್ದೀನಲ್ಲ ಅಂತ." ಇನ್ನೆರಡು ಪುಟ ಮಗುಚಿದರು. "ನಿನ್ನದೇ ಇರಬಹುದು. ಒಂದರಲ್ಲಿ ಒಂದು ಸೇರಿಹೋಗಿದೆ. ಅದನ್ನ ಸೇರಿಸಿದವಳು ನೀನೇ ಅಲ್ವಾ?"

ಹೌದು, ಅವಳೇ. ಇದಕ್ಕಿಂತ ಮೇಷ್ಟ್ರು ಕಪಾಟು ಒಡೆದು ಕದ್ದಿದ್ದರೆ ವಾಸಿಯಿತ್ತು, ಬಾಯಿತುಂಬ ಬೈಯಬಹುದಿತ್ತು. ಈಗ ಬೈಗುಳ ಹೊರಟರೆ ಅದು ಸೀದಾ ಬಂದು ತನ್ನ ಮೈಮೇಲೇ ಬೀಳುತ್ತಿತ್ತು.

ಮಾರನೆಯ ವಾರ ತನ್ನ ಪಿಎಚ್.ಡಿ. ಗೈಡ್ ಮೇಡಂ ಕೋಣೆಗೆ ಹೋದಳು. ಪ್ರಬಂಧದ ಕರಡನ್ನು ನಕಲು ಪತ್ತೆ ಮಾಡುವ ಯಂತ್ರಕ್ಕೆ ಹಾಕಿದ್ದಾಗಿತ್ತು. ಕೊನೆಯ ಅಧ್ಯಾಯದ ಪುಟ ಪುಟವೂ ಹಳದಿ. ಮೂಲ ಎಂದು ಯಂತ್ರ ತೋರಿಸಿದ್ದು ಮೇಷ್ಟ್ರ ಪುಸ್ತಕ.

"ಯಾರದು ಅಂತ ನನಗೆ ಗೊತ್ತು ಕಣಮ್ಮ," ಎಂದರು ಮೇಡಂ. "ಈ ಸೊಂಟದ ಮಾತನ್ನ ನೀನು ಇದೇ ಕುರ್ಚಿಯಲ್ಲಿ ಕೂತು ನನಗೆ ಹೇಳಿದ್ದೀಯ. ಆದರೆ ಸಮಿತಿಗೆ ಏನು ತೋರಿಸಲಿ? ನಿನ್ನ ಟಿಪ್ಪಣಿಗಳೆಲ್ಲಿ?"

"ಅವರ ಖಾತೆಯಲ್ಲಿ."

"ಯಾರು ಬರೆದದ್ದು ಅಂತ ಅದರಲ್ಲಿ ಇರುತ್ತಲ್ಲ?"

"ಎಲ್ಲದರ ಮೇಲೂ ಅವರ ಹೆಸರೇ ಇದೆ ಮೇಡಂ. ಒಂದೇ ಪಾಸ್‌ವರ್ಡ್."

ಮೇಡಂ ಪೆನ್ನಿನ ಮುಚ್ಚಳವನ್ನು ಹಾಕಿ ತೆಗೆದು ಮಾಡಿದರು. ಅವರು ಕೆಟ್ಟವರಲ್ಲ. ಆದರೆ ಮೇಷ್ಟ್ರು ಅವರ ವಿಭಾಗದ ಸಮಿತಿಯಲ್ಲೂ ಇದ್ದರು, ಮುಂದಿನ ವರ್ಷ ಮುಖ್ಯಸ್ಥರಾಗುವ ಮಾತೂ ಇತ್ತು. "ಎರಡು ದಾರಿ ಇದೆ ನೋಡು. ಈ ಮಾತುಗಳು ನಿನ್ನವು ಅಂತ ಅವರ ಕೈಯಲ್ಲಿ ಒಂದು ಪತ್ರ ಬರೆಸಿಕೊಂಡು ಬಾ. ಇಲ್ಲ, ಹಳದಿ ಬಂದ ಕಡೆಯೆಲ್ಲ ಅವರ ಪುಸ್ತಕವನ್ನ ಉಲ್ಲೇಖ ಮಾಡು. ಗಡುವು ಮೀರಿದರೆ ನನ್ನ ಕೈಯಲ್ಲಿ ಏನೂ ಇಲ್ಲ."

ಪತ್ರದ ಮಾತನ್ನು ಅವಳು ಊಟವಾದ ಮೇಲೆ, ಅತ್ತೆಯ ಎದುರಿನಲ್ಲೇ ಎತ್ತಿದಳು. ಸಾಕ್ಷಿ ಇರಲಿ ಎಂದು. ಮೇಷ್ಟ್ರು ಕೋಪ ಮಾಡಿಕೊಳ್ಳಲಿಲ್ಲ. ಅವರು ಕೋಪ ಮಾಡಿಕೊಳ್ಳುವ ಜಾತಿಯವರಲ್ಲ, ಮಗುವಿಗೆ ಹೇಳುವಂತೆ ಬಿಡಿಸಿ ಹೇಳುವವರು.

"ಪತ್ರ ಬರ್ದುಕೊಟ್ಟರೆ ನಾನು ಕಳ್ಳ ಅಂತ ನಾನೇ ಸಹಿ ಹಾಕಿದಂಗೆ ಅಲ್ವಾ? ಪ್ರಕಾಶಕರು ಪುಸ್ತಕ ಹಿಂದಕ್ಕೆ ತಗೋತಾರೆ. ಮುಖ್ಯಸ್ಥನಾಗೋದು ಆಮೇಲಿನ ಮಾತು, ಇರೋ ಕೆಲಸಕ್ಕೇ ಕುತ್ತು. ಬೇಕಂತ ಮಾಡಿದ್ದಲ್ಲ ಅಂತ ನಿನಗೂ ಗೊತ್ತು."

"ನನ್ನ ಮಾತಿಗೆ ನಾನೇ ನಿಮ್ಮ ಹೆಸರು ಹಾಕಬೇಕಾ?"

"ಹಾಕಿದ್ರೆ ಏನಾಯ್ತು? ಡಿಗ್ರಿ ಬರುತ್ತೆ. ಅದಕ್ಕೇ ಅಲ್ವಾ ಈ ಸಾಫ್ಟ್‌ವೇರ್ ಇರೋದು, ಒಂದು ಗುಂಡಿ ಒತ್ತಿದ್ರೆ ಆಯ್ತು. ಮನೆ ಮನೆಯೊಳಗೆ ಇದೇನು ನಿಂದು ನಂದು ಅಂತ?"

ಸಾಕ್ಷಿ ಬಾಯಿ ಬಿಟ್ಟದ್ದು ಮಗ ಎದ್ದು ಹೋದ ಮೇಲೆ. "ಇವನಪ್ಪನೂ ಹೀಗೇ," ಎಂದರು ಅತ್ತೆ, ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುತ್ತ. "ವಾರ್ಡಿನಲ್ಲಿ ನಡೆದ ತಮಾಷೆಯನ್ನ ನಾನು ಬಂದು ಹೇಳ್ತಿದ್ದೆ. ನಾಲ್ಕು ದಿನ ಬಿಟ್ಟು ನೆಂಟರ ಮುಂದೆ ಅದನ್ನೇ ತಾನು ಕಂಡಂಗೆ ಹೇಳ್ತಿದ್ದರು. ನನ್ನ ಕಡೆಗೇ ತಿರುಗಿ, ನಗು ಬರಲಿಲ್ವೇನೇ ಅಂತ ಬೇರೆ ಕೇಳೋರು."

"ನೀವೇನು ಮಾಡ್ತಿದ್ರಿ ಅತ್ತೆ?"

"ನಗ್ತಿದ್ದೆ. ಇನ್ನೇನು ಮಾಡಲಿ, ನೆಂಟರು ಕೂತಿರ್ತಿದ್ದರು." ಎಣ್ಣೆ ಬಾಟಲಿಯ ಮುಚ್ಚಳ ತಿರುಗಿಸಿದರು. "ನೀನು ನನ್ನ ಹಾಗೆ ಮಾಡಬೇಡ ಅಂತ ಹೇಳೋಕೆ ನನಗೆ ಬಾಯಿಲ್ಲ. ಅವನನ್ನ ಹೆತ್ತವಳು ನಾನು."

ಎರಡು ದಿನ ಅವಳು ಲ್ಯಾಪ್‌ಟಾಪು ಮುಟ್ಟಲಿಲ್ಲ. ಬೇರೆ ಮಾತಿನಲ್ಲಿ ಬರೆದುಬಿಡೋಣ ಎಂದು ಮೂರನೆಯ ದಿನ ಕೂತಳು. ತನ್ನ ಮಾತು ತನಗೇ ನಕಲಾಗದಂತೆ ತಿರುಚಲು ನೋಡಿದಳು. ಸೊಂಟ ಇದ್ದಲ್ಲಿ ದೇಹ ಎಂದು ಹಾಕಿದಳು. ಮನೆ ಇದ್ದಲ್ಲಿ ಗೃಹ ಎಂದು ಹಾಕಿದಳು. ಓದಿದರೆ ಯಾವುದೋ ಸರ್ಕಾರಿ ಪ್ರಕಟಣೆಯ ಹಾಗಿತ್ತು. ಚೆನ್ನಾಗಿದ್ದದ್ದೆಲ್ಲ ಅವರ ಪುಸ್ತಕದಲ್ಲೇ ಉಳಿದು, ಹೊಟ್ಟು ಮಾತ್ರ ತನ್ನ ಪಾಲಿಗೆ ಬಂದಂತಿತ್ತು. ಅವಳಿಗೆ ಅಳು ಬರಲಿಲ್ಲ. ಸಿಟ್ಟು ಬಂತು. ಅದನ್ನು ಯಾರ ಮೇಲೆ ಹಾಕಬೇಕೆಂದು ಗೊತ್ತಾಗಲಿಲ್ಲ. ಬರೆದದ್ದನ್ನು ಅಳಿಸಿ ಹಳೆಯ ವಾಕ್ಯಗಳನ್ನೇ ಮತ್ತೆ ತಂದಳು. ಕೆಟ್ಟ ವಾಕ್ಯ ತನ್ನ ಹೆಸರಿನಲ್ಲಿರುವುದಕ್ಕಿಂತ ಒಳ್ಳೆಯ ವಾಕ್ಯ ಬೇರೆಯವರ ಹೆಸರಿನಲ್ಲಿರಲಿ ಎಂಬ ತೀರ್ಮಾನಕ್ಕೆ ಬಂದದ್ದು ದೊಡ್ಡತನದಿಂದಲ್ಲ. ಗಡುವಿಗೆ ವಾರವಿತ್ತು, ಸಾಕಾಗಿಹೋಗಿತ್ತು, ಅಷ್ಟೆ.

ಉಲ್ಲೇಖ ಹಾಕುವ ಕೆಲಸ ಸಂಜೆಯೊಳಗೆ ಮುಗಿದೇಹೋಯಿತು. ವಾಕ್ಯದ ಕೊನೆಗೆ ಕರ್ಸರ್ ಇಟ್ಟು, ಹುಡುಕುವ ಜಾಗದಲ್ಲಿ ಗಂಡನ ಹೆಸರಿನ ಮೊದಲ ಎರಡು ಅಕ್ಷರ ಹಾಕಿದರೆ ಸಾಕು, ಉಳಿದದ್ದನ್ನು ಸಾಫ್ಟ್‌ವೇರೇ ತುಂಬುತ್ತಿತ್ತು. ಆವರಣ, ಹೆಸರು, ವರ್ಷ, ಪುಟ, ಆವರಣ. ಒಂದು ಅಲ್ಪವಿರಾಮವೂ ಆಚೀಚೆ ಆಗಲಿಲ್ಲ. ಕೆಲವು ಕಡೆ ಸಾಲುಸಾಲಾಗಿ ಬಂದಾಗ ಹೆಸರಿನ ಬದಲು "ಅದೇ" ಎಂದು ತಾನಾಗಿಯೇ ಮಾಡಿಕೊಂಡಿತು.

ಪದವಿ ಬಂತು. ಮೌಖಿಕ ಪರೀಕ್ಷೆಯಲ್ಲಿ ಹೊರಗಿನಿಂದ ಬಂದ ಪರೀಕ್ಷಕರು, ಕೊನೆಯ ಅಧ್ಯಾಯ ಓದಲು ಸೊಗಸಾಗಿದೆ, ಆದರೆ ನಿಮ್ಮ ಯಜಮಾನರ ಮೇಲೆ ಸ್ವಲ್ಪ ಹೆಚ್ಚೇ ಒರಗಿಕೊಂಡಿದ್ದೀರಿ ಎಂದು ನಕ್ಕರು. ಗೈಡ್ ಮೇಡಂ ಕಿಟಕಿಯ ಕಡೆ ನೋಡಿದರು. ಅವಳು "ಹೌದು ಸರ್" ಎಂದಳು. ಪ್ರಬಂಧವನ್ನು ವಿಶ್ವವಿದ್ಯಾಲಯ ತನ್ನ ಜಾಲತಾಣಕ್ಕೆ ಏರಿಸಿತು.

ಒಂದು ಬೆಳಿಗ್ಗೆ ಅವಳು ಕಾಲೇಜಿಗೆ ಹೊರಟು ಚಪ್ಪಲಿ ಹಾಕಿಕೊಳ್ಳುತ್ತಿದ್ದಾಗ ಮೇಷ್ಟ್ರು ಕೆನ್ನೆಗೆ ಸೋಪಿನ ನೊರೆ ಮೆತ್ತಿಕೊಂಡೇ ಬಚ್ಚಲಿನಿಂದ ಓಡಿಬಂದರು. ಕೈಯಲ್ಲಿ ಫೋನಿತ್ತು.

"ನೋಡೇ ಇಲ್ಲಿ! ನನ್ನ ಪುಸ್ತಕಕ್ಕೆ ಮೊದಲನೇ ಉಲ್ಲೇಖ ಬಂದಿದೆ. ಈಗ ಮೆಸೇಜ್ ಬಂತು. ಯಾರದು ಅಂತ ತೆಗೆದು ನೋಡಿದರೆ ನಿನ್ನ ಥೀಸಿಸ್ಸೇ!" ಫೋನನ್ನು ಅವಳ ಮುಖದ ಹತ್ತಿರ ಹಿಡಿದರು. ನೊರೆ ಅವಳ ತೋಳಿಗೆ ತಾಗಿತು. "ಎಷ್ಟೊಂದು ಕಡೆ ಹಾಕಿದ್ದೀಯ ಕಣೆ. ಈ ಸೊಂಟದ ವಾಕ್ಯ ಇದೆಯಲ್ಲ, ಅದನ್ನಂತೂ ಪೂರ್ತಿ ತಗೊಂಡಿದ್ದೀಯ."

ಅವಳು ಮುಖವೆತ್ತಿ ನೋಡಿದಳು.

"ನಿನಗೂ ಅದೇ ಇಷ್ಟ ಆಯ್ತಾ?" ಎಂದರು ಮೇಷ್ಟ್ರು. "ಬರೆಯೋವಾಗಲೇ ನನಗೆ ಅನಿಸಿತ್ತು, ಇದು ನಿಲ್ಲೋ ಮಾತು ಅಂತ."

ಅವರು ಸುಳ್ಳು ಹೇಳುತ್ತಿರಲಿಲ್ಲ, ಅಣಕಿಸುತ್ತಲೂ ಇರಲಿಲ್ಲ. ಹಿಂದೊಮ್ಮೆ "ನಿನ್ನದೇ ಇರಬಹುದು" ಎಂದಿದ್ದ ಆ ಮುಖದಲ್ಲಿ ಈಗ ಆ "ಇರಬಹುದು" ಕೂಡ ಇರಲಿಲ್ಲ. ಅವಳು ತೋಳಿನ ನೊರೆ ಒರೆಸಿಕೊಂಡು ಇನ್ನೊಂದು ಚಪ್ಪಲಿ ಹಾಕಿಕೊಂಡಳು.